ಹಿಂದಕ್ಕೆ ಹೋಗದ ಬಸ್ಸು

ಊರು ಹೇಗೆ ಬೆಳೆಯುತ್ತದೆ ಎಂದು ದೊಡ್ಡವರನ್ನು ಕೇಳಿದರೆ ಗೋಡೆಗೆ ನಕ್ಷೆ ತೂಗುಹಾಕಿ, ಕೋಲು ಹಿಡಿದು ವಿವರಿಸುತ್ತಾರೆ. ವಿವರಿಸಲಿ, ಬೇಡ ಎಂದವರು ಯಾರು? ಆದರೆ ಈ ಊರಿನ ಪೂರ್ವದ ತುದಿ ಬೆಳೆದದ್ದು ಒಂದು ಬಸ್ಸಿನ ರಿವರ್ಸ್ ಗೇರು ಕೆಟ್ಟದ್ದರಿಂದ. ನಂಬುವುದಿದ್ದರೆ ನಂಬಿ, ಬಿಡುವುದಿದ್ದರೆ ಬಿಡಿ. ಆ ಬಸ್ಸು ಓಡಿಸಿದವನ ಕಥೆ ಹೇಳುತ್ತೇನೆ, ಆಮೇಲೆ ನೀವೇ ತೀರ್ಮಾನ ಮಾಡಿ.

ಡ್ರೈವರು ಆಗಿನ್ನೂ ಮೀಸೆ ಚಿಗುರುತ್ತಿದ್ದ ಹೊಸಬ. ಹೊಸಬನಿಗೆ ಹಳೆಯ ಬಸ್ಸು, ಇದು ಎಲ್ಲ ಡಿಪೋಗಳ ನ್ಯಾಯ. ಅವನ ಪಾಲಿಗೆ ಬಂದ ಬಸ್ಸಿನಲ್ಲಿ ಹಾರ್ನ್ ಒತ್ತಿದರೆ ವೈಪರ್ ಅಲ್ಲಾಡುತ್ತಿತ್ತು, ಬಾಗಿಲು ಎಳೆದರೆ ಹಿಡಿ ಕೈಗೆ ಬರುತ್ತಿತ್ತು. ಮಾರುಕಟ್ಟೆಯಿಂದ ಹೊರಟು ಊರಿನ ಕೊನೆಯ ನೀರಿನ ಟ್ಯಾಂಕಿನವರೆಗೆ ಹೋಗಿ ಬರುವುದು ಅವನ ದಾರಿ. ಟ್ಯಾಂಕಿನ ಬಳಿ ರಸ್ತೆ ಕಿರಿದು. ಪಕ್ಕದ ಓಣಿಗೆ ಬಸ್ಸಿನ ಹಿಂಭಾಗ ತೂರಿಸಿ, ರಿವರ್ಸ್ ತೆಗೆದುಕೊಂಡು ತಿರುಗಿಸಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲೇ ಒಂದು ಬೆಳಿಗ್ಗೆ ಅಲ್ಲಿ ರಿವರ್ಸ್ ಗೇರು ಕೈಕೊಟ್ಟಿತು. ಎಷ್ಟು ಗುದ್ದಾಡಿದರೂ ಕಟಕಟ ಎಂದಿತೇ ಹೊರತು ಬಸ್ಸು ಹಿಂದಕ್ಕೆ ಕದಲಲಿಲ್ಲ. ಕಂಡಕ್ಟರು ಕೆಳಗಿಳಿದು, ಸೊಂಟಕ್ಕೆ ಕೈ ಇಟ್ಟು, ಬಸ್ಸನ್ನೊಮ್ಮೆ ಡ್ರೈವರನ್ನೊಮ್ಮೆ ನೋಡಿ, ಹಿಂದಕ್ಕೆ ಹೋಗದಿದ್ದರೆ ಮುಂದಕ್ಕೆ ಹೋಗೋಣ ಎಂದು ಮಹಾ ತತ್ವಜ್ಞಾನಿಯಂತೆ ನುಡಿದು ಮತ್ತೆ ಹತ್ತಿ ಕೂತ.

ಮುಂದಕ್ಕೆ ಏನಿತ್ತು? ಇಳಿಜಾರಿನ ಮಣ್ಣುದಾರಿ, ಅದರ ಕೊನೆಗೆ ಬಯಲು. ಬಸ್ಸು ಬಯಲಿನಲ್ಲಿ ದೊಡ್ಡದೊಂದು ಸುತ್ತು ಹಾಕಿ ಬಂದ ದಾರಿಯಲ್ಲೇ ವಾಪಸಾಯಿತು. ಡಿಪೋ ಮ್ಯಾನೇಜರರಿಗೆ ವಿಷಯ ತಿಳಿಸಿದಾಗ ಅವರು, ಯಂತ್ರದೋಷದ ಕಾರಣ ಬಯಲಿನವರೆಗೆ ಹೋಗಿ ತಿರುಗಿಸಲು ತಾತ್ಕಾಲಿಕ ಅನುಮತಿ ಇದೆ ಎಂದು ಬರೆಸಿದರು. ಸರ್ಕಾರಿ ಕಚೇರಿಯಲ್ಲಿ ತಾತ್ಕಾಲಿಕಕ್ಕೆ ಇರುವಷ್ಟು ಆಯುಸ್ಸು ಬೇರೆ ಯಾವುದಕ್ಕೂ ಇಲ್ಲ ಎಂಬುದು ಡ್ರೈವರಿಗೆ ಆಗ ಗೊತ್ತಿರಲಿಲ್ಲ. ಗೇರು ರಿಪೇರಿಯಾಗುವವರೆಗೆ ತಾನೇ ಎಂದುಕೊಂಡು ದಿನಾ ಬಯಲಿಗೆ ಹೋಗಿ ಬರತೊಡಗಿದ.

ಬಯಲು ಪೂರ್ತಿ ಬರಿದಾಗಿರಲಿಲ್ಲ. ಹಿಂದೊಮ್ಮೆ ನಗರಸಭೆಯವರು ಅಲ್ಲೊಂದು ಬಡಾವಣೆ ಮಾಡುತ್ತೇವೆ, ಅದಕ್ಕೆ ನೀರು ತರುತ್ತೇವೆ ಎಂದು ಆಳೆತ್ತರದ ಸಿಮೆಂಟು ಕೊಳವೆಗಳನ್ನು ತಂದು ಒಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ. ಅಷ್ಟರಲ್ಲಿ ಅಧ್ಯಕ್ಷರು ಬದಲಾದರು. ಹೊಸ ಅಧ್ಯಕ್ಷರ ಮನೆ ಪಶ್ಚಿಮಕ್ಕಿತ್ತು. ನೀರು ಇಳಿಜಾರಿಗೆ ಹರಿಯುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರಲ್ಲ, ನಗರಸಭೆಯ ನೀರು ಹಾಗಲ್ಲ, ಅದು ಅಧ್ಯಕ್ಷರ ಮನೆಯ ಕಡೆಗೆ ಹರಿಯಿತು. ಕೊಳವೆಗಳು ಅಲ್ಲೇ ಉಳಿದವು. ಅವನ್ನು ಕಾಯಲು ನೇಮಿಸಿದ್ದ ಕಾವಲುಗಾರನೂ, ಅವನ ಮಗಳೂ ಪಕ್ಕದ ಒಂದು ಕೋಣೆಯಲ್ಲಿ ಉಳಿದರು.

ಮಗಳು ಹೊಲಿಗೆ ಕಲಿತವಳು. ಕೋಣೆಯಲ್ಲಿ ಸೆಕೆಯೆಂದು ಹೊಲಿಗೆ ಯಂತ್ರವನ್ನು ಒಂದು ಕೊಳವೆಯೊಳಗೆ ಇಟ್ಟುಕೊಂಡಿದ್ದಳು. ಕಾವಲುಗಾರನಿಗೆ ಇದು ಸರಿ ಕಾಣಲಿಲ್ಲ, ಸರ್ಕಾರದ ಕೊಳವೆ ಎಂದು ಗೊಣಗಿದ. ನೀರಂತೂ ಬರಲಿಲ್ಲ, ದಾರವಾದರೂ ಹಾಯಲಿ ಎಂದು ಅವಳು ಅಪ್ಪನ ಬಾಯಿ ಮುಚ್ಚಿಸಿದ್ದಳು. ಹೊಲಿದ ಅಂಗಿ, ಫ್ರಾಕುಗಳ ಗಂಟನ್ನು ತಲೆಯ ಮೇಲೆ ಹೊತ್ತು ಟ್ಯಾಂಕಿನ ದಿಬ್ಬ ಹತ್ತಿ, ಅಲ್ಲಿಂದ ಬಸ್ಸು ಹಿಡಿದು ಮಾರುಕಟ್ಟೆಗೆ ಹೋಗಬೇಕಿತ್ತು. ಈಗ ಇದ್ದಕ್ಕಿದ್ದಂತೆ ಬಸ್ಸು ಬಾಗಿಲಿಗೇ ಬಂದು, ಸುತ್ತು ಹಾಕಿ, ಎದುರಿಗೆ ನಿಂತರೆ ಯಾರು ಬಿಡುತ್ತಾರೆ? ಗಂಟು ಹೊತ್ತು ಬಂದು ಹತ್ತಿಯೇಬಿಟ್ಟಳು. ಇದು ನಿಲ್ದಾಣವಲ್ಲ ಎಂದು ಕಂಡಕ್ಟರು ಹೇಳಿದ. ನಿಂತಿದೆಯಲ್ಲ ಎಂದಳು. ಕಂಡಕ್ಟರು ಟಿಕೆಟ್ ಹರಿದುಕೊಟ್ಟ.

ಅಲ್ಲಿಂದ ಮುಂದೆ ಡ್ರೈವರು ಬಯಲಿನಲ್ಲಿ ಎಂಜಿನ್ ತಣಿಯಲೆಂದು ಸ್ವಲ್ಪ ಹೊತ್ತು ನಿಲ್ಲಿಸತೊಡಗಿದ. ಎಂಜಿನ್ ತಣಿಯುತ್ತಿತ್ತೋ ಇಲ್ಲವೋ, ಡ್ರೈವರನ ಅಂಗಿಯ ಗುಂಡಿಗಳು ಮಾತ್ರ ಒಂದರ ಮೇಲೊಂದು ಕಿತ್ತುಬರತೊಡಗಿದವು. ಅವಳು ಕೊಳವೆಯೊಳಗೆ ಕೂತು ಹೊಲಿದುಕೊಡುತ್ತಿದ್ದಳು, ಇವನು ಹೊರಗೆ ನಿಂತು ಬನಿಯನ್ನಿನಲ್ಲಿ ಕಾಯುತ್ತಿದ್ದ.

ಹೀಗಿರುವಾಗ ಡಿಪೋದ ಮೆಕ್ಯಾನಿಕ್ಕು, ಇವನ ಗೆಳೆಯ, ಒಂದು ದಿನ ಗ್ರೀಸು ಒರೆಸಿಕೊಳ್ಳುತ್ತಾ ಬಂದು ಸಿಹಿಸುದ್ದಿ ಹೇಳಿದ. ಬಿಡಿಭಾಗ ಬಂತು, ಗೇರು ಸರಿಯಾಯಿತು, ಇನ್ನು ಬಸ್ಸು ಬೆಣ್ಣೆಯಂತೆ ಹಿಂದಕ್ಕೆ ಹೋಗುತ್ತದೆ. ಡ್ರೈವರನ ಮುಖ ನೋಡಬೇಕಿತ್ತು, ಇಂಗು ತಿಂದ ಮಂಗನ ಮುಖ. ಗೆಳೆಯನ ಕೈ ಹಿಡಿದುಕೊಂಡು ಮೂಲೆಗೆ ಎಳೆದೊಯ್ದು, ಸರಿಯಾದ ವಿಷಯ ಯಾರಿಗೂ ಹೇಳಬೇಡ ಎಂದು ಅಂಗಲಾಚಿದ. ಮೆಕ್ಯಾನಿಕ್ಕಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕು, ಬಾಯಿಗೆ ಬೀಗ ಹಾಕಿಕೊಂಡ. ಆ ಬೀಗ ಅವನು ಸಾಯುವವರೆಗೂ ತೆರೆಯಲಿಲ್ಲ.

ಸುಳ್ಳು ಹೇಳುವುದು ಸುಲಭ, ಅದನ್ನು ಸಾಕುವುದು ಕಷ್ಟ. ಡಿಪೋದಲ್ಲಿ ಡ್ರೈವರು ಬಸ್ಸನ್ನು ಯಾವಾಗಲೂ ಮುಂದಕ್ಕೇ ಹೊರಡುವಂತೆ ಅಂಚಿನಲ್ಲಿ ನಿಲ್ಲಿಸುತ್ತಿದ್ದ. ರಜೆ ಹಾಕಿದಾಗ ಬದಲಿಗೆ ಬರುವ ಡ್ರೈವರುಗಳಿಗೆ, ರಿವರ್ಸ್ ಮುಟ್ಟಿದರೆ ಗೇರುಪೆಟ್ಟಿಗೆಯೇ ಕಳಚಿ ಬೀಳುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ ಎಂದು ಹೆದರಿಸಿಡುತ್ತಿದ್ದ. ವರ್ಷಗಳು ಕಳೆದಂತೆ ಬಸ್ಸಿನ ಎಂಜಿನ್ ಬದಲಾಯಿತು, ಸೀಟು ಬದಲಾದವು, ಬಣ್ಣ ಬದಲಾಯಿತು. ಯಂತ್ರದೋಷ ಮಾತ್ರ ಕಚೇರಿಯಲ್ಲಿ ವರ್ಷಾವರ್ಷ ನವೀಕರಣಗೊಳ್ಳುತ್ತಾ ಸುಖವಾಗಿತ್ತು. ಯಾರೂ ಯಾಕೆಂದು ಕೇಳಲಿಲ್ಲ.

ಇತ್ತ ಬಯಲಿನ ಕಥೆ ಕೇಳಿ. ಬಸ್ಸು ನಿಂತಮೇಲೆ ಕಂಡಕ್ಟರಿಗೆ ಚಹಾ ಬೇಕಲ್ಲವೇ? ಒಬ್ಬ ಚಹಾದವನು ಬಂದ. ಚಹಾದವನಿಗೆ ದಿನಾ ಹೋಗಿ ಬರುವುದು ಬೇಸರವಾಗಿ ಒಂದು ಕೊಳವೆಯ ಎರಡೂ ಬಾಯಿಗೆ ಹಲಗೆ ಬಡಿದು ಸಂಸಾರ ಹೂಡಿದ. ಅವನ ಬಾವಮೈದ ಪಂಕ್ಚರ್ ಅಂಗಡಿ ಹಾಕಿದ. ಬಸ್ಸು ಹೋಗುತ್ತದಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಊರೊಳಗೆ ಬಾಡಿಗೆ ಕಟ್ಟಲಾರದವರು ಒಬ್ಬೊಬ್ಬರೇ ಬಂದು ಮನೆ ಎಬ್ಬಿಸಿದರು. ಬಸ್ಸು ಸುತ್ತುವ ಜಾಗ ಬಿಟ್ಟು ಉಳಿದ ಕಡೆ ಕಟ್ಟಬೇಕಿದ್ದರಿಂದ ಮನೆಗಳೆಲ್ಲ ಟೈರಿನ ಗುರುತಿನ ಸುತ್ತ ದುಂಡಗೆ ಎದ್ದವು. ಮೊದಲ ಸಾಲಿನ ಹಿಂದೆ ಎರಡನೇ ಸಾಲೂ ದುಂಡಗೆ, ಅದರ ಹಿಂದಿನ ಓಣಿಯೂ ದುಂಡಗೆ. ಹೊಸಬರು ದಾರಿ ತಪ್ಪಿದರೆ ಹೆದರಬೇಕಿರಲಿಲ್ಲ, ನಡೆಯುತ್ತಾ ಹೋದರೆ ಹೊರಟಲ್ಲಿಗೇ ಬರುತ್ತಿದ್ದರು. ಬಸ್ಸಿದೆ ಎಂಬ ಕಾರಣಕ್ಕೆ ಮೇಷ್ಟ್ರು ಬರಲು ಒಪ್ಪಿದರು, ಮೇಷ್ಟ್ರು ಬಂದದ್ದರಿಂದ ಶಾಲೆ ಬಂತು.

ಸರ್ಕಾರದ ಲೆಕ್ಕದಲ್ಲಿ ಮಾತ್ರ ಅದಿನ್ನೂ ಬಯಲೇ. ನೀರಿನವರನ್ನು ಕೇಳಿದರೆ ನೀವು ನಮ್ಮ ಗಡಿಯಾಚೆ ಎಂದರು. ಚರಂಡಿಯವರು, ನೀರೇ ಇಲ್ಲದವರಿಗೆ ಚರಂಡಿ ಯಾಕೆ ಎಂದರು. ತೆರಿಗೆಯವರು ಮಾತ್ರ ಯಾರೂ ಕರೆಯದೆ ತಾವಾಗಿಯೇ ಹುಡುಕಿಕೊಂಡು ಬಂದು, ನೀವು ನಮ್ಮವರೇ ಎಂದು ಅಕ್ಕರೆಯಿಂದ ಹೇಳಿದರು. ಒಮ್ಮೆ ನಗರಯೋಜನೆಯವರು ಬಂದು ನೇರ ಗೆರೆಗಳ ನಕ್ಷೆ ಬಿಡಿಸಿಕೊಂಡು ಹೋದರು. ಅದರ ಪ್ರಕಾರ ಮುಖ್ಯರಸ್ತೆ ಚಹಾದವನ ಅಡುಗೆಮನೆಯಲ್ಲಿ ಹಾದುಹೋಗುತ್ತಿತ್ತು. ಅವನ ಹೆಂಡತಿ, ರಸ್ತೆ ಬರೋದಾದ್ರೆ ಮಧ್ಯಾಹ್ನದ ಮೇಲೆ ಬರ್ಲಿ, ಪಾತ್ರೆ ತೊಳೆದಿರ್ತೀನಿ ಎಂದಳು. ಹಾಗೆಂದು ಜನ ಸುಮ್ಮನೆ ಕೂರಲಿಲ್ಲ. ನಗರಸಭೆಗೆ ಅಲೆದರು, ಬೈದರು, ಮತ ಹಾಕಿದರು, ಮತ್ತೆ ಅಲೆದರು. ನಿಧಾನಕ್ಕೆ ನೀರೂ ಬಂತು, ಆ ಹಳೆಯ ಕೊಳವೆಗಳಲ್ಲಿ ವಾಸವಿದ್ದವರನ್ನು ಎಬ್ಬಿಸಿ ಅವುಗಳಲ್ಲೇ ಬಂತು.

ಈ ನಡುವೆ ಡ್ರೈವರು ಕಾವಲುಗಾರನ ಮುಂದೆ ಹೋಗಿ ನಿಂತು ಮಗಳನ್ನು ಕೇಳಿದ್ದ. ಕಾವಲುಗಾರ ಆಸ್ತಿ ಕೇಳಲಿಲ್ಲ, ಮನೆತನ ಕೇಳಲಿಲ್ಲ. ನಿನಗೆ ಸುಳ್ಳು ಹೇಳೋ ಅಭ್ಯಾಸ ಇದೆಯಾ ಎಂದಷ್ಟೇ ಕೇಳಿದ. ಡ್ರೈವರು ಇಲ್ಲ ಎಂದ. ಮಗಳು ತಲೆ ತಗ್ಗಿಸಿ, ಹಲ್ಲಿನಿಂದ ದಾರ ಕಚ್ಚಿ, ಭುಜ ಕುಲುಕಿಸುತ್ತಾ ನಕ್ಕಳು. ನಾಚಿಕೆ ಎಂದುಕೊಂಡ ಇವನು.

ಮದುವೆಯಾದ ಮೇಲೆ ತಿಳಿಯಿತು, ಅವಳಿಗೆ ಸುಳ್ಳು ಎಂದರೆ ಎಷ್ಟು ಆಗದು ಎಂದು. ಮಿಕ್ಕ ಬಟ್ಟೆಯನ್ನು ತಾನಿಟ್ಟುಕೊಂಡು ಉಳಿದಿಲ್ಲ ಎಂದು ಸುಳ್ಳು ಹೇಳಿದ ಒಡಹುಟ್ಟಿದ ಅಕ್ಕನೊಂದಿಗೆ ವರ್ಷಗಟ್ಟಲೆ ಮಾತು ಬಿಟ್ಟಿದ್ದಳು. ಸೊಂಟದ ಅಳತೆ ಕಡಿಮೆ ಹೇಳಿದ ಗಿರಾಕಿಗಳಿಗೆ ಅಷ್ಟೇ ಅಳತೆಗೆ ಹೊಲಿದುಕೊಟ್ಟು ಬುದ್ಧಿ ಕಲಿಸುತ್ತಿದ್ದಳು. ಸುತ್ತಿನ ಅಂಚಿನಲ್ಲಿ ಅಂಗಡಿ ಹಾಕಿ, ದೂರದಿಂದ ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳನ್ನು ಕೆಲಸಕ್ಕಿಟ್ಟುಕೊಂಡು, ಬಂದವರಿಗೆಲ್ಲ ಟೇಪು ಹಿಡಿದು ಅದೇ ಕಥೆ ಹೇಳುತ್ತಿದ್ದಳು: ದೇವರಿಗೆ ನನ್ನ ಮೇಲೆ ಕರುಣೆ ಬಂತು, ಒಂದು ಗೇರು ಮುರಿದ, ಗಂಡ ಬಂದ. ಅವಳು ಹಾಗೆ ಹೇಳುವಾಗಲೆಲ್ಲ ಡ್ರೈವರು ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಚಹಾ ಕುಡಿಯುತ್ತಾ ಕೂತಿರುತ್ತಿದ್ದ. ಎಷ್ಟೋ ಸಲ ನಿಜ ಹೇಳಿಬಿಡೋಣ ಎನ್ನಿಸುತ್ತಿತ್ತು. ಅಕ್ಕನ ನೆನಪಾಗಿ ಸುಮ್ಮನಾಗುತ್ತಿದ್ದ.

ಹೀಗೆ ಕೂದಲು ಬೆಳ್ಳಗಾಗಿ, ನಿವೃತ್ತಿ ಹತ್ತಿರವಾದಾಗ ಸಾರಿಗೆಯವರು ಹೊಸ ಬಸ್ಸುಗಳನ್ನು ತಂದರು. ಹಳೆಯ ಬಸ್ಸು ಗುಜರಿಗೆ ಹೋಯಿತು. ಹಿಂದೆಯೇ ಕಚೇರಿಯಿಂದ ಒಂದು ಮಾತು ಬಂತು. ಯಂತ್ರದೋಷದ ಬಸ್ಸೇ ಹೋದ ಮೇಲೆ ಅದಕ್ಕಾಗಿ ಕೊಟ್ಟ ಅನುಮತಿಯೂ ಹೋದಂತೆ. ಇನ್ನು ಬಸ್ಸು ಟ್ಯಾಂಕಿನವರೆಗೆ ಮಾತ್ರ. ಅಂದರೆ ಬಯಲಿನವರು ಬಸ್ಸಿಗಾಗಿ ಟ್ಯಾಂಕಿನ ದಿಬ್ಬ ಹತ್ತಬೇಕು. ಬಸುರಿಯರು, ಮುದುಕರು, ಪುಸ್ತಕದ ಚೀಲ ಹೊತ್ತ ಮಕ್ಕಳು, ಎಲ್ಲರೂ. ಹೊಲಿಗೆ ಅಂಗಡಿಯ ಹೆಣ್ಣುಮಕ್ಕಳು ಇನ್ನು ಬರುವುದು ಕಷ್ಟ ಎಂದು ಮುಖ ಸಣ್ಣದು ಮಾಡಿದರು. ಚಹಾದವನು ಅಂಗಡಿಯನ್ನು ಟ್ಯಾಂಕಿನ ಬಳಿಗೆ ಸಾಗಿಸುವ ಮಾತಾಡತೊಡಗಿದ. ಬಸ್ಸಿನ ಹಿಂದೆ ಬಂದ ಊರು ಬಸ್ಸಿನ ಹಿಂದೆಯೇ ಹೊರಡುವ ಸೂಚನೆ ಕಾಣಿಸಿತು.

ಜನ ಗಲಾಟೆ ಎಬ್ಬಿಸಿದಾಗ ಸಾರಿಗೆಯ ಅಧಿಕಾರಿಣಿ ಅಹವಾಲು ಕೇಳಲು ಬಯಲಿನ ಶಾಲೆಗೇ ಬರುವುದೆಂದಾಯಿತು. ಆಕೆ ಒಳ್ಳೆಯ ಹೆಂಗಸು. ದಿಬ್ಬ ಇಳಿದು ನಡೆದೇ ಬಂದು, ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಮಡಚಿಕೊಂಡು ಕೂತು, ಎಲ್ಲರ ಮಾತನ್ನೂ ಕೇಳಿದಳು. ಆಮೇಲೆ ತನ್ನ ಕಷ್ಟವನ್ನೂ ಬಿಡಿಸಿ ಹೇಳಿದಳು. ಹೊಸ ದಾರಿ ಕೇಳಿದರೆ ಸಮಿತಿ, ಸಭೆ, ಚುನಾವಣೆ ಎಂದು ಮುಗಿಯುವಷ್ಟರಲ್ಲಿ ಈ ಮಕ್ಕಳು ಅಜ್ಜಂದಿರಾಗುತ್ತಾರೆ. ಹಳೆಯ ದಾರಿಯೇ ಎಂದು ತೋರಿಸಿದರೆ ತಾನೇ ಸಹಿ ಹಾಕಬಹುದು. ಆದರೆ ಬಸ್ಸು ಇಲ್ಲಿಗೆ ಬರುತ್ತಿದ್ದದ್ದು ಜನರಿಗಾಗಿ ಅಲ್ಲವಲ್ಲ, ಗೇರಿಗಾಗಿ.

"ಗೇರು ಸರಿ ಇದ್ದೂ ಬಸ್ಸು ಇಲ್ಲಿಗೆ ಬರ್ತಿತ್ತು ಅಂತ ಯಾರಾದ್ರೂ ಹೇಳಿದ್ರೆ ನಂಗೆ ದಾರಿ ಇದೆ," ಎಂದಳು. "ಇಲ್ದಿದ್ರೆ ನನ್ನ ಕೈಲಿ ಏನೂ ಇಲ್ಲ."

ಹಿಂದಿನ ಬೆಂಚಿನಲ್ಲಿ ಕೂತಿದ್ದ ಡ್ರೈವರಿಗೆ ಅತ್ತ ದರಿ, ಇತ್ತ ಪುಲಿ. ಬಾಯಿ ಬಿಡದಿದ್ದರೆ ಬಯಲಿನ ಬಸ್ಸು ಹೋಯಿತು. ಬಿಟ್ಟರೆ, ಇಡೀ ಊರಿನ ಎದುರು, ತನ್ನನ್ನು ದೇವರು ಕಳಿಸಿದ ಗಂಡ ಎಂದು ಹೇಳಿಕೊಂಡು ಬಂದ ಹೆಂಗಸಿಗೆ ತಾನು ಮದುವೆಗೆ ಮುಂಚಿನಿಂದಲೂ ಸುಳ್ಳುಗಾರ ಎಂದು ತಿಳಿಯುತ್ತದೆ. ಕೆಲಸ ಮುಗಿಯುವ ಹೊತ್ತಿಗೆ ಹೆಸರಿಗೆ ಮಸಿ ಬಳಿದುಕೊಳ್ಳುವುದಕ್ಕೂ ಅವನು ಸಿದ್ಧನಿದ್ದ. ಆದರೆ ಅವಳು ಮಾತು ಬಿಟ್ಟರೆ ಮನೆಯಲ್ಲಿ ಯಾರ ಜೊತೆ ಮಾತಾಡುವುದು? ಅಕ್ಕನಿಗಾದರೂ ಬೇರೆ ಮನೆಯಿತ್ತು. ಆದರೂ, ಎದುರಿನ ಬೆಂಚಿನಲ್ಲಿ ಕೂತಿದ್ದ ಬಸುರಿಯನ್ನು ನೋಡಿ, ಆಗಿದ್ದಾಗಲಿ ಎಂದು ಬೆಂಚಿನ ಅಂಚು ಹಿಡಿದು ಅರ್ಧ ಎದ್ದ.

ಅಷ್ಟರಲ್ಲಿ ಪಕ್ಕದಲ್ಲಿದ್ದ ಹೆಂಡತಿ ಅವನ ಅಂಗಿಯ ತುದಿ ಹಿಡಿದು ಎಳೆದು ಕೂರಿಸಿ, ತಾನು ಎದ್ದು ನಿಂತಳು.

"ಗೇರು ಚೆನ್ನಾಗೇ ಇತ್ತು," ಎಂದಳು. "ನಾನೇ ಕಣ್ಣಾರೆ ನೋಡಿದೀನಿ."

ಅವಳು ಹೇಳಿದ್ದು ಇಷ್ಟು. ಆಗಿನ್ನೂ ಇಲ್ಲಿ ಚಹಾದಂಗಡಿಯೂ ಇರಲಿಲ್ಲ. ಅಪ್ಪ ಸಾಕಿದ್ದ ಕೋಳಿಯೊಂದು ಮರಿಗಳನ್ನು ಕಟ್ಟಿಕೊಂಡು ಬಂದು ಬಸ್ಸಿನ ಮುಂದೆಯೇ, ಟೈರಿನ ಬಿಸಿ ಮಣ್ಣಿನಲ್ಲಿ ಕಾಲು ಚಾಚಿ ಕೂತಿತ್ತು. ಕಂಡಕ್ಟರು ಎಲ್ಲೋ ಹೋಗಿದ್ದ. ಡ್ರೈವರು ಹಾರ್ನ್ ಒತ್ತಿದರೆ ವೈಪರ್ ಅಲ್ಲಾಡಿತು. ಇಳಿದು ಓಡಿಸಿದರೆ ಕೋಳಿ ಅವನನ್ನೇ ಕುಕ್ಕಲು ಬಂತು. ಕೊನೆಗೆ ಅವನು ಮೇಲೆ ಹತ್ತಿ, ಎಡಕ್ಕೆ ಬಲಕ್ಕೆ ಕತ್ತು ತಿರುಗಿಸಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬಸ್ಸನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟು, ಕೋಳಿಯನ್ನು ಬಳಸಿಕೊಂಡು ಹೋದ. ಕೊಳವೆಯೊಳಗೆ ಹೊಲಿಗೆ ಹಾಕುತ್ತಾ ಕೂತಿದ್ದವಳನ್ನು ನೋಡಲಿಲ್ಲ.

ಜನ ತಿರುಗಿ ಡ್ರೈವರನ್ನು ನೋಡಿದರು. ಅವನು ಹೆಂಡತಿಯನ್ನು ನೋಡುತ್ತಿದ್ದ, ಬಾಯಿ ತೆರೆದೇ ಇತ್ತು. ಮುಂದಿನ ಸಾಲಿನಲ್ಲಿದ್ದ ನಿವೃತ್ತ ಕಂಡಕ್ಟರು ಮಾತ್ರ, ಮುದಿ ಕಳ್ಳ, ಛಾವಣಿ ನೋಡುತ್ತಾ ನಗುತ್ತಿದ್ದ. ಅವನಿಗೂ ಗೊತ್ತಿತ್ತೆಂದು ಆಗ ತಿಳಿಯಿತು.

ಅಧಿಕಾರಿಣಿ ನಗು ತಡೆದುಕೊಂಡು ಡ್ರೈವರನ್ನು ಕೇಳಿದಳು, ಹಾಗಾದರೆ ಬರೀ ಬಯಲಿಗೆ ಬಸ್ಸು ಯಾಕೆ ತರುತ್ತಿದ್ದಿರಿ ಎಂದು. ಡ್ರೈವರು ಎದ್ದು, ಇಲ್ಲದ ಟೋಪಿ ಸರಿಮಾಡಿಕೊಳ್ಳಲು ಹೋಗಿ ತಲೆ ಕೆರೆದುಕೊಂಡ.

"ಒಬ್ರು ಹತ್ತೋರಿದ್ರು, ಮೇಡಂ," ಎಂದ.

"ಒಬ್ರೇ ಇದ್ರೆ ಅದನ್ನ ಜನ ಅಂತ ಬರೆಯೋಕಾಗುತ್ತಾ?"

ಡ್ರೈವರು ಕತ್ತು ತಿರುಗಿಸಿದ. ಅವನ ಕಣ್ಣು ಕೋಣೆಯ ಮೇಲೆ ಒಂದು ಸಲ ಆಡಿತು. ಚಹಾದವನು, ಅವನ ಹೆಂಡತಿ, ಬಾವಮೈದ, ಮೇಷ್ಟ್ರು, ಬಸುರಿ, ಕಿಟಕಿಗೆ ಜೋತುಬಿದ್ದ ಮಕ್ಕಳು, ಹೊರಗೆ ಜಾಗ ಸಾಲದೆ ನಿಂತವರು. ಅಧಿಕಾರಿಣಿಯೂ ಅವನ ಜೊತೆಗೆ ಅವರನ್ನೆಲ್ಲ ನೋಡಿದಳು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, ಮೊದಲಿನಿಂದಲೂ ಪ್ರಯಾಣಿಕರ ಅಗತ್ಯಕ್ಕಾಗಿ ಓಡುತ್ತಿದ್ದ ದಾರಿ ಎಂದು ಬರೆದು ಸಹಿ ಹಾಕಿದಳು. ಡ್ರೈವರಿಗೆ ಒಂದು ಎಚ್ಚರಿಕೆಯನ್ನೂ ಕೊಟ್ಟಳು, ಇನ್ನು ಮುಂದೆ ಹೀಗೆ ಮಾಡಬಾರದು ಎಂದು. ನಿವೃತ್ತಿಗೆ ಉಳಿದಿದ್ದ ಅಲ್ಪಸ್ವಲ್ಪ ದಿನಗಳಲ್ಲಿ ಹೀಗೆ ಮಾಡುವುದಿಲ್ಲ ಎಂದು ಅವನು ಒಪ್ಪಿಕೊಂಡ.

ಮನೆಗೆ ಬಂದಮೇಲೆ ಹೆಂಡತಿ ಏನೂ ನಡೆದೇ ಇಲ್ಲವೆಂಬಂತೆ ಯಂತ್ರದ ಮುಂದೆ ಕೂತು ಯಾರದೋ ತೋಳಿಗೆ ಹೊಲಿಗೆ ಹಾಕತೊಡಗಿದಳು. ಡ್ರೈವರು ಬಾಗಿಲಲ್ಲಿ ನಿಂತ. ಒಳಗೆ ಹೋಗಬಹುದೋ ಬಾರದೋ ತಿಳಿಯಲಿಲ್ಲ. ಇಷ್ಟು ವರ್ಷ ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೊನೆಗೆ ಕೇಳಿದ.

"ಹೇಳಿದ್ರೆ ನೀವು ನಾಚಿಕೊಂಡು ಟ್ಯಾಂಕ್ ಹತ್ರಾನೇ ತಿರುಗಿಸ್ಕೊಂಡು ಹೋಗ್ತಿದ್ರಿ," ಎಂದಳು. "ಗಂಟು ಹೊತ್ಕೊಂಡು ಆ ದಿಬ್ಬ ಹತ್ತೋರು ಯಾರು?"

ಅದು ಮದುವೆಗೆ ಮುಂಚಿನ ಮಾತಾಯಿತು, ಆಮೇಲೆ ಎಂದು ಅವನು ಕೇಳಿದ. ಆಮೇಲೆ ನೀವು ಹೇಳ್ತೀರೇನೋ ಅಂತ ಕಾಯ್ತಾ ಇದ್ದೆ ಎಂದಳು. ಕಾಯುತ್ತಾ ಗಿರಾಕಿಗಳಿಗೆ ಆ ಕಥೆಯನ್ನು ಬೇಕೆಂದೇ ಅವನ ಎದುರು ಹೇಳುತ್ತಿದ್ದಳಂತೆ, ಅವನ ಮುಖ ನೋಡಲಿಕ್ಕೆ. ಚಹಾ ಲೋಟದ ಹಿಂದೆ ಅವಿತುಕೊಳ್ಳುವುದನ್ನು ನೋಡಿ ಒಳಗೊಳಗೇ ನಕ್ಕದ್ದಕ್ಕೆ ಲೆಕ್ಕವಿಲ್ಲವಂತೆ. ಇವತ್ತು ಮಾತ್ರ, ಅವನು ಏಳುವುದನ್ನು ನೋಡಿ, ಅಷ್ಟು ಜನರ ಮುಂದೆ ಅವನ ಬಾಯಿಂದ ಬೇಡ ಎನ್ನಿಸಿತಂತೆ.

ಡ್ರೈವರಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಕಣ್ಣು ಒದ್ದೆಯಾಯಿತು. ಸುಳ್ಳು ಅಂದರೆ ನಿನಗೆ ಆಗುವುದಿಲ್ಲವಲ್ಲ, ಅಕ್ಕನನ್ನೇ ಬಿಟ್ಟವಳು ನನ್ನನ್ನು ಹೇಗೆ ಕಟ್ಟಿಕೊಂಡೆ ಎಂದ.

ಅವಳು ಯಂತ್ರ ನಿಲ್ಲಿಸಿದಳು.

"ಆವತ್ತು ಎರಡು ವಿಷಯ ಗೊತ್ತಾಯ್ತು. ನೀವು ಸುಳ್ಳುಗಾರ್ರು ಅಂತ ಒಂದು. ಸುಳ್ಳು ಬಯಲಾದ್ರೂ ಪರವಾಗಿಲ್ಲ, ಕೋಳಿ ಮೇಲೆ ಬಸ್ಸು ಹತ್ತಿಸೋರಲ್ಲ ಅಂತ ಇನ್ನೊಂದು. ಸಂಜೆ ಅಪ್ಪಂಗೆ ಹೇಳ್ದೆ, ಇವ್ರು ಬಂದು ಕೇಳಿದ್ರೆ ಇಲ್ಲ ಅನ್ಬೇಡಿ ಅಂತ."

ಹೊರಗೆ ಬಯಲಿನ ನಡುವೆ ಹೊಸ ಬಸ್ಸು ಬಂದು ನಿಂತಿತ್ತು. ಅದಕ್ಕೆ ರಿವರ್ಸ್ ಗೇರು ಹೊಚ್ಚಹೊಸದು, ಟ್ಯಾಂಕಿನ ಬಳಿಯೇ ತಿರುಗಬಲ್ಲದು. ಆದರೂ ಅದು ಹಳೆಯ ಟೈರಿನ ದಾರಿಯಲ್ಲಿ ಪೂರ್ತಿ ಒಂದು ಸುತ್ತು ಹಾಕಿ, ಹೊಲಿಗೆ ಅಂಗಡಿಯ ಎದುರು ಜನರನ್ನು ಹತ್ತಿಸಿಕೊಂಡು ದಿಬ್ಬದ ಕಡೆ ಹೊರಟಿತು. ಹೆಂಡತಿ ಕೈ ಚಾಚಿದಳು. ಅಂಗಿ ಬಿಚ್ಚಿಕೊಡಿ, ಎಳೆದು ಕೂರಿಸುವಾಗ ಒಂದು ಗುಂಡಿ ಕಿತ್ತುಹೋಯಿತು ಎಂದಳು. ಅವನು ಬಿಚ್ಚಿಕೊಟ್ಟು, ಬನಿಯನ್ನಿನಲ್ಲಿ ಬಾಗಿಲ ಬಳಿ ನಿಂತು ಕಾದ.